ಮನೆ ಸಾಮಾನು ಆನ್‌ಲೈನಲ್ಲಿ ಮಾರೋಕೆ ಹಾಕಿದೀನಿ, ಈ ಗಿರಾಕಿಗಳ ಜೊತೆ ಏಗೋದು ಹೆಂಗೆ? ಅನುಭವ ಇರೋರು ಹೇಳಿ

ಕುವೆಂಪುನಗರ, ಮೈಸೂರು

ನಮಸ್ಕಾರ ಎಲ್ರಿಗೂ. ನಮ್ಮ ಯಜಮಾನ್ರಿಗೆ ಶಿವಮೊಗ್ಗಕ್ಕೆ ಟ್ರಾನ್ಸ್‌ಫರ್ ಆಗಿದೆ, ಅಲ್ಲಿ ಸಿಕ್ಕಿರೋ ಮನೆ ಚಿಕ್ಕದು, ಅದಕ್ಕೆ ಇಲ್ಲಿ ಮನೆ ಖಾಲಿ ಮಾಡೋಕೆ ಮುಂಚೆ ಆರು ಕುರ್ಚಿ ಇರೋ ತೇಗದ ಡೈನಿಂಗ್ ಟೇಬಲ್, ಡಬಲ್ ಡೋರ್ ಫ್ರಿಜ್, ಒಂದು ಬೀರು, ನನ್ನ ಆಕ್ಟಿವಾ ಎಲ್ಲಾ ಓಎಲ್‌ಎಕ್ಸಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲಿ ಹಾಕಿದೀನಿ. ಸಾಕಾಗೋಯ್ತು ಕಣ್ರೀ. "ಇದೆಯಾ?" ಅಂತಾರೆ, "ಇದೆ" ಅಂದ್ರೆ ಆಮೇಲೆ ಪತ್ತೆನೇ ಇಲ್ಲ. ಇನ್ನೊಬ್ರು ಸಂಜೆ ಐದಕ್ಕೆ ಬರ್ತೀನಿ ಅಂದ್ರು, ನಾನು ಕೆಲ್ಸ ಬಿಟ್ಟು ಕಾದೆ, ಫೋನ್ ಸ್ವಿಚ್ ಆಫ್. ಒಬ್ಬ ಅಂತೂ ಟೇಬಲ್‌ಗೆ ಫೋನಲ್ಲಿ 12 ಸಾವಿರಕ್ಕೆ ಒಪ್ಕೊಂಡು, ಗೂಡ್ಸ್ ಆಟೋ ಸಮೇತ ಗೇಟ್ ಹತ್ರ ಬಂದು ನಿಂತು 9 ಸಾವಿರ ಎಣಿಸಿ ಕೈಗೆ ಕೊಡೋಕೆ ಬಂದ, ವಾಪಸ್ ಕಳಿಸ್ದೆ. ಇನ್ನೊಬ್ಬ ನಾನು ಆರ್ಮಿಲಿದೀನಿ, ನೋಡೋದೇ ಬೇಡ, ದುಡ್ಡು ಈಗ್ಲೇ ಹಾಕ್ತೀನಿ ಒಂದು ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅಂತಾನೆ. ಇವ್ರು "ಗುಜರಿಯವನಿಗೆ ಹಾಕ್ಬಿಡು, ತಲೆನೋವು ತಪ್ಪುತ್ತೆ" ಅಂತಾರೆ, ನನಗೆ ಮನಸ್ಸು ಬರ್ತಿಲ್ಲ. ನೀವೆಲ್ಲ ಹೆಂಗೆ ಮಾರಿದ್ರಿ? ಸ್ಕೂಟರ್‌ದು ಬೇರೆ ಏನೇನೋ ಫಾರಂ ಇದೆಯಂತೆ.

*

ವಿಜಯನಗರ 2ನೇ ಹಂತ

ಮೇಡಂ ಆ ಗೇಟ್ ಹತ್ರ ರೇಟ್ ಇಳಿಸೋ ಆಸಾಮಿ ಎಲ್ಲರ ಮನೆಗೂ ಬರ್ತಾನೆ, ನೀವು ವಾಪಸ್ ಕಳಿಸಿದ್ದು ಸರಿಯಾಗೇ ಮಾಡಿದೀರ. ಅವನ ಲೆಕ್ಕ ಏನಂದ್ರೆ ಆಟೋ ಬಂದು ನಿಂತಿದೆ, ಮನೆಯೋರು ಟೇಬಲ್ ಮೇಲಿನ ಸಾಮಾನೆಲ್ಲ ತೆಗ್ದು ಒರೆಸಿಟ್ಟಿದಾರೆ, ಅಕ್ಕಪಕ್ಕದೋರು ನೋಡ್ತಿದಾರೆ, ಈಗ ಬೇಡ ಅನ್ನೋಕೆ ಇವರಿಗೆ ಬಾಯಿ ಬರಲ್ಲ ಅಂತ. ಆ ಲೆಕ್ಕ ಅವನು ಎಲ್ಲಿಂದ ಶುರು ಮಾಡ್ತಾನೆ ಗೊತ್ತಾ, ನಿಮ್ಮ ಆಡ್‌ನಿಂದಾನೇ. ನಿಮ್ಮ ಆಡಲ್ಲಿ "ಟ್ರಾನ್ಸ್‌ಫರ್ ಆಗಿದೆ, ಮನೆ ಖಾಲಿ ಮಾಡ್ತಿದೀವಿ, ಅರ್ಜೆಂಟ್" ಅಂತ ಇದ್ರೆ ಮೊದ್ಲು ಅದನ್ನ ತೆಗೀರಿ. ನಿಮಗೆ ಕೊನೇ ದಿನ ಒಂದಿದೆ ಅಂತ ಗೊತ್ತಾದ ಕೂಡ್ಲೇ ಕಾಯೋದು ಅವರ ಕೆಲ್ಸ ಆಗೋಗುತ್ತೆ. ಯಾಕೆ ಮಾರ್ತಿದೀರ ಅಂತ ಕೇಳಿದ್ರೆ "ಜಾಗ ಸಾಲ್ದು" ಅನ್ನಿ, ಸುಳ್ಳೂ ಅಲ್ವಲ್ಲ.

ಎರಡ್ನೇದು "ಲಾಸ್ಟ್ ಎಷ್ಟು" ಅನ್ನೋರಿಗೆ ಫೋನಲ್ಲಿ ರೇಟ್ ಹೇಳ್ಲೇಬೇಡಿ. ನೀವು ಫೋನಲ್ಲಿ 14ರಿಂದ 12ಕ್ಕೆ ಇಳಿದ್ರಿ ಅಂದ್ರೆ ಅವನಿಗೆ ಚೌಕಾಸಿ ಶುರುವಾಗೋದೇ 12ರಿಂದ. ನಾನು ಎಲ್ರಿಗೂ ಒಂದೇ ಮೆಸೇಜ್ ಕಾಪಿ ಮಾಡಿಟ್ಕೊಂಡಿದ್ದೆ, "ಬಂದು ನೋಡಿ, ಮುಟ್ಟಿ ನೋಡಿ, ಇಷ್ಟ ಆದ್ರೆ ಎದುರಿಗೆ ಮಾತಾಡೋಣ, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ" ಅಂತ. ಅರ್ಧಕ್ಕರ್ಧ ಜನ ಇದಕ್ಕೆ ಉತ್ತರಾನೇ ಕೊಡಲ್ಲ, ಒಳ್ಳೇದೇ ಆಯ್ತು, ಅವ್ರು ಬರೋ ಗಿರಾಕಿಗಳೇ ಅಲ್ಲ, ಬಸ್ಸಲ್ಲಿ ಕೂತ್ಕೊಂಡು ಟೈಮ್ ಪಾಸ್ ಮಾಡೋರು.

ಆಡಲ್ಲಿ ಏನು ಬರೀಬೇಕು ಅಂದ್ರೆ, ಬಂದ ಮೇಲೆ ಅವರು ಏನನ್ನ ಹಿಡ್ಕೊಂಡು ರಾಗ ಎಳೀತಾರೋ ಅದನ್ನೆಲ್ಲ ಮೊದ್ಲೇ ಬರೆದ್ಬಿಡಿ. ಗೀರು ಬಿದ್ದಿರೋ ಜಾಗದ ಫೋಟೋ ಹತ್ತಿರದಿಂದ ತೆಗ್ದು ಹಾಕಿ. ಟೇಬಲ್ ಉದ್ದ ಅಗಲ ಎಷ್ಟು ಅಡಿ, ಕಾಲು ಬಿಚ್ಚೋಕೆ ಬರುತ್ತಾ, ಮನೆ ಯಾವ ಫ್ಲೋರು, ಲಿಫ್ಟ್ ಇದೆಯಾ, ಇಳಿಸೋ ಹಮಾಲಿ ಕೂಲಿ ಮತ್ತೆ ಆಟೋ ಬಾಡಿಗೆ ಯಾರದ್ದು. ಇದೆಲ್ಲಾ ಇದ್ರೆ ಬಾಗಿಲಲ್ಲಿ ನಿಂತು "ಅಯ್ಯೋ ಇಲ್ಲಿ ಗೀರಿದೆಯಲ್ಲ ಮೇಡಂ" ಅಂದಾಗ ನೀವು ಫೋಟೋ ತೋರಿಸಿ ಸುಮ್ಮನಿರಬಹುದು. ತೇಗ ಅಂತ ಬರೆದ್ರೆ ಮರದ ವಿಷ್ಯ ಗೊತ್ತಿರೋರು ಬಂದೇ ಬರ್ತಾರೆ, ಕೆಳಗಡೆ ಪಾಲಿಶ್ ಇಲ್ಲದ ಭಾಗ ತೋರಿಸಿ ಅಂತಾರೆ, ತೋರಿಸಿ. ಅಂಥೋರೇ ನಿಜವಾಗ್ಲೂ ತಗೊಳ್ಳೋರು.

ಇನ್ನು ಬರ್ತೀನಿ ಅಂದು ಬರದೇ ಇರೋರಿಗೆ ನಾನು ಕಂಡ್ಕೊಂಡಿದ್ದು ಇಷ್ಟೇ, ಯಾರಿಗೂ ಸಾಮಾನು "ಇಟ್ಟಿರ್ತೀನಿ" ಅಂತ ಮಾತು ಕೊಡಬೇಡಿ. ಇಟ್ಟಿರಿ ಅಂದ್ರೆ 500 ರೂಪಾಯಿ ಅಡ್ವಾನ್ಸ್ ಹಾಕಿ ಅನ್ನಿ, ಹಾಕಿದೋರು ಬರ್ತಾರೆ. ಹಾಕಲ್ಲ ಅನ್ನೋರಿಗೆ "ಆಯ್ತು ಸರ್, ನೀವು ಬರೋ ಹೊತ್ತಿಗೆ ಇದ್ರೆ ನಿಮ್ದೇ". ಅದೇ ಟೈಮಿಗೆ ಇನ್ನೊಬ್ಬರನ್ನೂ ಕರೀರಿ, ತಪ್ಪೇನಿಲ್ಲ. ಇಬ್ರೂ ಬಂದ್ರೆ ಚೌಕಾಸಿ ತಾನಾಗೇ ನಿಲ್ಲುತ್ತೆ, ಒಬ್ರೂ ಬರ್ಲಿಲ್ಲ ಅಂದ್ರೆ ಒಂದೇ ಸಂಜೆ ಹಾಳು, ಎರಡಲ್ಲ.

ಆದ್ರೆ ನನ್ನ ಕೇಳಿದ್ರೆ ಇವರ್ಯಾರೂ ಕಷ್ಟದ ಗಿರಾಕಿಗಳಲ್ಲ. ಕಷ್ಟ ಯಾರಂದ್ರೆ ಒಳ್ಳೆಯೋರು. ನಮ್ಮ ತಂದೆ ಹಳೇ ಬೀಟೆ ಮಂಚ ಮಾರೋಕೆ ಹಾಕಿದ್ರು. ನೋಡೋಕೆ ಬಂದ ಮನುಷ್ಯ ಮಂಚದ ಕಡೆ ನೋಡಿದ್ದು ಒಂದ್ಸಲ, ಆಮೇಲೆ ಗೋಡೆ ಮೇಲಿನ ಫೋಟೋ ನೋಡಿ "ಇವರು ಯಾವೂರೋರು ಸ್ವಾಮಿ" ಅಂದ್ರು. ಹುಣಸೂರು ಅಂದ್ರು ನಮ್ಮಪ್ಪ. ಮುಗೀತು. ಆ ಊರು, ಈ ಮನೆತನ, ಇವರ ಸೋದರತ್ತೆ ಮದುವೆ ಆಗಿರೋ ಮನೆ ಅಂತ ಸುತ್ತಿ ಸುತ್ತಿ ಕಾಫಿ ಎರಡ್ನೇ ಲೋಟ ಬರೋ ಹೊತ್ತಿಗೆ ಸಂಬಂಧ ಸಿಕ್ಕೇಬಿಡ್ತು. ಸಂಬಂಧ ಸಿಕ್ಕ ಮೇಲೆ ರೇಟ್ ಮಾತಾಡೋದು ಹೆಂಗೆ? ಮಂಚ ಅರ್ಧ ರೇಟಿಗೆ ಹೋಯ್ತು, ಮೇಲೆ ಅವರಿಗೆ ಊಟಾನೂ ಹಾಕಿ ಕಳಿಸಿದ್ರು, ಅಮ್ಮ ಆ ರಾತ್ರಿ ಅಪ್ಪನ ಜೊತೆ ಮಾತಾಡ್ಲಿಲ್ಲ. ಆ ಮನುಷ್ಯ ಮೋಸಗಾರ ಅಲ್ಲ, ಈಗ್ಲೂ ಮದುವೆ ಮನೇಲಿ ಸಿಕ್ಕಿದ್ರೆ ನಿಂತು ಮಾತಾಡಿಸ್ತಾರೆ. ಆದ್ರೆ ವ್ಯಾಪಾರ ಮುಗಿಯೋ ತನಕ "ಯಾವ ಕಡೆಯೋರು" ಅಂದ್ರೆ "ಇಲ್ಲೇ ಮೈಸೂರೇ" ಅಂತ ನಿಲ್ಲಿಸಿ ಮೇಡಂ. ಕಾಫಿನೂ ಅಷ್ಟೇ, ದುಡ್ಡು ಕೈಗೆ ಬಂದ ಮೇಲೆ ಕೊಡಿ. ನಮ್ಮ ಕಡೆ ಕಾಫಿ ಕೊಟ್ಟ ಮೇಲೆ ಗಟ್ಟಿಯಾಗಿ "ಆಗಲ್ಲ" ಅನ್ನೋಕೆ ನಮಗೇ ಮುಜುಗರ ಆಗುತ್ತೆ.

*

ಸರಸ್ವತಿಪುರಂ

ಮೇಲೆ ಹೇಳಿದ್ದೆಲ್ಲ ಸರಿ. ನಾನೊಂದು ಸೇರಿಸ್ತೀನಿ, ಬರೋರ ಪಂಚಾಂಗ ಕೇಳ್ಕೊಳ್ಳಿ. ನಗ್ಬೇಡಿ, ನಿಜ. ಆಷಾಢದಲ್ಲಿ ಗಾಡಿ ಹಾಕಿದ್ರೆ ಫೋನ್ ಬರುತ್ತೆ, ಜನ ಬರಲ್ಲ. ಅದೇ ಆಯುಧಪೂಜೆ ಹತ್ರ ಬಂತು ಅಂದ್ರೆ ಪೂಜೆಗೆ ಮನೇಲೊಂದು ಗಾಡಿ ನಿಂತಿರಬೇಕು ಅಂತ ಹುಡುಕ್ಕೊಂಡು ಬರ್ತಾರೆ. ಮಂಗಳವಾರ ಬೇಡ, ಅಮಾವಾಸ್ಯೆ ಬೇಡ, ರಾಹುಕಾಲ ಕಳೀಲಿ ಅನ್ನೋದನ್ನ ನೆಪ ಅಂದ್ಕೊಬೇಡಿ, ಅದು ನಿಜವಾದ ಗಿರಾಕಿ ಲಕ್ಷಣ, ಅವ್ರು ಅಡ್ವಾನ್ಸ್ ಹಾಕಿ ಬುಧವಾರ ಬರ್ತಾರೆ. ಅಡ್ವಾನ್ಸೂ ಇಲ್ಲದೆ "ಒಳ್ಳೆ ದಿನ ನೋಡಿ ಬರ್ತೀವಿ" ಅಂದೋರನ್ನ ಮರೆತುಬಿಡಿ.

ನಮ್ಮತ್ತೆ ಶುಕ್ರವಾರ ಸಂಜೆ ಮನೆಯಿಂದ ಏನೂ ಹೊರಗೆ ಕೊಡೋಕೆ ಬಿಡಲ್ಲ, ಅದರಲ್ಲೂ ಬೀರು ಅಂದ್ರೆ ಲಕ್ಷ್ಮಿ ಇರೋ ಜಾಗ. ಪಾಪ ಒಬ್ರು ಬೋಗಾದಿಯಿಂದ ಶುಕ್ರವಾರ ಆಟೋ ಮಾಡ್ಕೊಂಡು ಬಂದು ಬರಿಗೈಲಿ ವಾಪಸ್ ಹೋದ್ರು, ಅವರ ದೃಷ್ಟಿಲಿ ಎಡವಟ್ಟು ಪಾರ್ಟಿ ನಾವೇ.

*

ಮಂಡ್ಯ, ಸುಭಾಷ್‌ನಗರ

ಅಕ್ಕ, ಆಕ್ಟಿವಾ ವಿಷ್ಯ ನಾನೇಳ್ತೀನಿ ಕೇಳಿ, ನಮ್ಮಲ್ಲಿ ವರ್ಸಕ್ಕೊಂದ್ ಗಾಡಿ ಮಾರ್ತಾನೇ ಇರ್ತೀವಿ. ಸಾಮಾನು ಕೊಟ್ರೆ ಅಲ್ಲಿಗ್ ಮುಗೀತು, ಗಾಡಿ ಅಂಗಲ್ಲ, ಗಾಡಿ ಓದ್ಮೇಲೂ ನಿಮ್ ಎಸ್ರಲ್ಲೇ ಇರ್ತದೆ.

ಮೊದ್ಲು ಟೆಸ್ಟ್ ರೈಡು. "ಒಂದ್ ರೌಂಡ್ ಓಡಿಸ್ಕಂಡ್ ಬತ್ತೀನಿ ಅಕ್ಕ" ಅಂತವ್ನೆ, ಬರಿಗೈಲಿ ಬಂದವ್ನಿಗೆ ಕೀ ಕೊಡ್ಬೇಡಿ. ಬಂದಿರೋ ಗಾಡಿ ಕೀ ಇಟ್ಟೋಗು ಅನ್ನಿ, ಒರಿಜಿನಲ್ ಡಿಎಲ್ ಕೈಲಿ ಇಸ್ಕಳಿ, ಡಿಎಲ್ ಇಲ್ಲ ಅಂದ್ರೆ ರೈಡೂ ಇಲ್ಲ. ಯಾಕಂದ್ರೆ ಡಿಎಲ್ ಇಲ್ದೋನು ರಿಂಗ್ ರೋಡಲ್ಲಿ ಯಾರಿಗಾರ ಗುದ್ದುದ್ರೆ ಇನ್ಶೂರೆನ್ಸೋರು ಗಲಾಟೆ ಮಾಡ್ತರೆ, ನೋಟೀಸ್ ಬರದು ಓನರ್‌ಗೆ. ನಮ್ಮಣ್ಣ ಇಂದ್ಗಡೆ ಕೂತ್ಕಂಡೇ ಓಯ್ತಿದ್ದ, ಅದು ಇನ್ನೂ ಒಳ್ಳೇದು.

ಎರಡ್ನೇದು ಇದೇ ದೊಡ್ಡದು. ದುಡ್ಡು ಕೊಡ್ತರೆ, ರೇಟೂ ಒಪ್ತರೆ, ಆಮೇಲೆ "ಎಸ್ರು ಬದ್ಲಾಯ್ಸೋ ಫಾರಂ 29, 30ಕ್ಕೆ ಸೈನ್ ಹಾಕ್ಕೊಡಿ ಸಾಕು, ಟ್ರಾನ್ಸ್‌ಫರ್ ನಾವ್ ಮಾಡಿಸ್ಕತೀವಿ" ಅಂತರೆ. ಖಾಲಿ ಫಾರಂಗೆ ಸೈನ್ ಇಸ್ಕಂಡ್ ಓದೋರು ಅದನ್ನ ಇನ್ನೊಬ್ಬುಂಗೆ, ಅವ್ನು ಮತ್ತೊಬ್ಬುಂಗೆ ಮಾರ್ಕತಾ ಓಯ್ತನೆ, ಆರ್‌ಸಿಲಿ ಮಾತ್ರ ನಿಮ್ ಎಸ್ರೇ. ಸಿಗ್ನಲ್ ಜಂಪ್ ಕೇಸು, ಎಲ್ಮೆಟ್ ಕೇಸು ಎಲ್ಲಾ ನಿಮ್ ಫೋನಿಗೇ ಬತ್ತವೆ, ಅದಾದ್ರೂ ಓಗ್ಲಿ. ಆಕ್ಸಿಡೆಂಟ್ ಆದ್ರೆ ಪರಿಹಾರ ಕೊಡ್ಬೇಕಾದೋನು ಆರ್‌ಸಿಲಿ ಎಸ್ರಿರೋ ಓನರೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಯೋಳಿದೆ, ನಾನ್ ಮಾರ್ಬುಟ್ಟಿದ್ದೆ ಅಂದ್ರೂ ನಡೆಯಕಿಲ್ಲ. ಮಾರ್ದೋರು 14 ದಿನದೊಳ್ಗೆ ಆರ್‌ಟಿಓಗೆ ತಿಳಿಸ್ಬೇಕು, ತಗಂಡೋರು 30 ದಿನದೊಳ್ಗೆ ಎಸ್ರು ಬದ್ಲಾಯಿಸ್ಕಬೇಕು, ಕಾನೂನು ಇರದೇ ಇಂಗೆ. ಅದ್ಕೇ ಸರ್ಕಾರದ ಪರಿವಾಹನ್ ಸೈಟಲ್ಲಿ ಅರ್ಜಿ ಅವ್ರ ಎದುರ್ಗೇ ಆಕ್ಸಿ, ಸೈಟಲ್ಲಿ ಫೀಸ್ ಕಟ್ಟಿದ್ ರಸೀದಿ ನೋಡಿ, ಆಮೇಲೆ ಕೀ ಕೊಡಿ. ಲೋನ್ ತೀರ್ಸಿದ್ರೂ ಆರ್‌ಸಿಲಿ ಬ್ಯಾಂಕ್ ಎಸ್ರು ಉಳ್ಕಂಡಿರ್ತದೆ, ಬ್ಯಾಂಕಿಂದ ಸಾಲ ಬಾಕಿ ಇಲ್ಲ ಅನ್ನೋ ಎನ್ಒಸಿ ತಂದು ಫಾರಂ 35 ಕೊಟ್ಟು ಮೊದ್ಲೇ ತೆಗ್ಸಿ, ಇಲ್ಲಾಂದ್ರೆ ಗಿರಾಕಿ ಬಂದ್ ನಿಂತಾಗ ಇದೇ ನೆಪದಲ್ಲಿ ಎರಡ್ ಸಾವ್ರ ಕಿತ್ಕತರೆ. ಇನ್ಶೂರೆನ್ಸು, ಎಮಿಷನ್ನು, ಪೆಂಡಿಂಗ್ ಫೈನು ಎಲ್ಲಾ ಒಂದ್ಸಲ ನೋಡ್ಕಳಿ. 2019 ಏಪ್ರಿಲ್‌ಗಿಂತ ಮುಂಚಿನ ಗಾಡಿ ಆದ್ರೆ ಎಚ್‌ಎಸ್‌ಆರ್‌ಪಿ ಅನ್ನೋ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಆಕ್ಸಿದೀರಾ ಅಂತ ಕೇಳೇ ಕೇಳ್ತರೆ.

ಕೊಡೋ ದಿವ್ಸ ಒಂದ್ ಬಿಳೀ ಆಳೇಲಿ ಡೆಲಿವರಿ ನೋಟ್ ಬರ್ಕಳಿ, ಗಾಡಿ ನಂಬ್ರು, ತಾರೀಕು, ಟೈಮು, ಇಲ್ಲಿಂದಾಚೆಗೆ ಏನಾದ್ರೂ ಜವಾಬ್ದಾರಿ ಅವ್ರದು ಅಂತ, ಸೈನು, ಜೊತೆಗೆ ಅವ್ರ ಆಧಾರ್ ಜೆರಾಕ್ಸು. ಟೈಮ್ ಮರೀಬೇಡಿ, ಮಧ್ಯಾಹ್ನ ಕೊಟ್ಟು ಸಂಜೇಗೆ ಕೇಸ್ ಬಿದ್ರೆ ಆ ಟೈಮೇ ನಿಮ್ಮನ್ನ ಕಾಯದು. ಆದ್ರೆ ಆ ಚೀಟಿ ಆರ್‌ಸಿ ಬದ್ಲಿಗಲ್ಲ, ಅದ್ರ ಜೊತೇಗೆ, ಇದೊಂದ್ ತಲೇಲಿಟ್ಕಳಿ.

ಮಂಡ್ಯ ಕಡೆಯಿಂದ ಬೈಕಲ್ಲಿ ಬರೋ ಗಿರಾಕಿ "ಎಕ್ಸ್‌ಪ್ರೆಸ್ ವೇ ಇದ್ಯಲ್ಲ ಅರ್ಧ ಗಂಟೆಗ್ ಬತ್ತೀನಿ" ಅಂದ್ರೆ ನಂಬ್ಬೇಡಿ, 2023 ಆಗಸ್ಟಿಂದ ಬೈಕಿಗೆ ಅಲ್ಲಿ ಬಿಡಲ್ಲ, ಸರ್ವಿಸ್ ರೋಡಲ್ಲೇ ಬರ್ಬೇಕು.

*

ಹೆಬ್ಬಾಳ, ಮೈಸೂರು (ಬ್ಯಾಂಕ್ ಕೆಲಸ)

ಆ ಆರ್ಮಿ ಮನುಷ್ಯನನ್ನ ಈಗ್ಲೇ ಬ್ಲಾಕ್ ಮಾಡಿ, ಮಾತು ಬೆಳೆಸಬೇಡಿ. ನಮ್ಮ ಬ್ರಾಂಚಿಗೆ ಇದೇ ಕತೆ ಹೇಳ್ಕೊಂಡು ಬರೋರನ್ನ ನೋಡಿದೀನಿ. ಯೂನಿಫಾರಂ ಫೋಟೋ, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲಾ ಕಳಿಸ್ತಾರೆ, ಅದೆಲ್ಲಾ ಇನ್ಯಾರದ್ದೋ. ಸಾಮಾನು ನೋಡದೆ, ರೇಟ್ ಮಾತಾಡದೆ, ಹೇಳಿದ ರೇಟಿಗೆ ಒಪ್ಪೋನು ಗಿರಾಕಿನೇ ಅಲ್ಲ. 14 ಸಾವಿರದ ಟೇಬಲ್‌ಗೆ ಒಂದು ಮಾತೂ ಚೌಕಾಸಿ ಮಾಡದ ಮನುಷ್ಯನನ್ನ ಮೈಸೂರಲ್ಲಿ ಎಲ್ಲಾದ್ರೂ ನೋಡಿದೀರಾ?

ಯುಪಿಐಲಿ ದುಡ್ಡು ಬರೋಕೆ ನೀವು ಏನೂ ಮಾಡಬೇಕಾಗಿಲ್ಲ, ಇದೊಂದು ಗೊತ್ತಿದ್ರೆ ಮುಕ್ಕಾಲು ಮೋಸ ನಿಂತೋಗುತ್ತೆ. ಪಿನ್ ಒತ್ತೋದು ದುಡ್ಡು ಕಳಿಸೋಕೆ, ಬ್ಯಾಲೆನ್ಸ್ ನೋಡೋಕೆ, ದುಡ್ಡು ಬರೋಕಲ್ಲ. ಅವನು ಕಳಿಸೋ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರೆ ನಿಮ್ಮ ಅಕೌಂಟಿಂದ ಹೋಗುತ್ತೆ, ಮೊದ್ಲು 5 ರೂಪಾಯಿ ಕಳಿಸಿ "ನೋಡಿ ಬಂತಲ್ವಾ" ಅಂತ ನಂಬಿಕೆ ಹುಟ್ಟಿಸ್ತಾರೆ, ಆ 5 ರೂಪಾಯಿ ಅವರ ಬಂಡವಾಳ. ಒಬ್ರು ಇನ್ನೊಬ್ರಿಗೆ ಕಲೆಕ್ಟ್ ರಿಕ್ವೆಸ್ಟ್ (ದುಡ್ಡು ಕೇಳೋ ಮೆಸೇಜ್) ಕಳಿಸೋದನ್ನ ಯುಪಿಐ ನಡೆಸೋ ಎನ್‌ಪಿಸಿಐನೋರು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದಾರೆ, ಹಂಗಂತ ಮೈಮರೀಬೇಡಿ, ಕ್ಯೂಆರ್ ಮೋಸ ಈಗ್ಲೂ ಇದೆ. "ಜಾಸ್ತಿ ಹೋಗ್ಬಿಡ್ತು, 14 ಸಾವಿರದ ಬದ್ಲು 41 ಸಾವಿರ ಹಾಕ್ಬಿಟ್ಟೆ, ವಾಪಸ್ ಹಾಕಿ ಮೇಡಂ, ಅಮ್ಮನ ಆಪರೇಷನ್ ದುಡ್ಡು" ಅಂತ ಅಳೋರೂ ಇದಾರೆ. ನಿಮಗೆ ಬಂದಿರೋದು ಅವನೇ ಟೈಪ್ ಮಾಡಿದ ಮೆಸೇಜು, ಹತ್ತಂಕಿ ನಂಬರಿಂದ. ಬ್ಯಾಂಕ್ ಆಪ್ ತೆಗ್ದು ಬ್ಯಾಲೆನ್ಸ್ ನೋಡಿ, ಅಲ್ಲಿ ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ.

ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಹೇರ್ಕೊಂಡು ಹೋಗೋರು ಮನೆ ಬಾಗಿಲಿಗೂ ಬರ್ತಾರೆ. "ಸರ್ವರ್ ಬಿಜಿ, ನನ್ನ ಕಡೆ ಕಟ್ ಆಗಿದೆ ನೋಡಿ" ಅಂದ್ರೆ "ಪರ್ವಾಗಿಲ್ಲ ಕೂತ್ಕೊಳಿ, ಬರ್ಲಿ" ಅನ್ನಿ. ನಿಜವಾದೋರು ಕೂರ್ತಾರೆ. ಯಾವ್ದಾದ್ರೂ ಆಪ್ ಹಾಕ್ಕೊಳಿ, ಸ್ಕ್ರೀನ್ ಶೇರ್ ಮಾಡಿ ಅಂದ್ರೆ ಫೋನ್ ಇಡಿ. ದುಡ್ಡು ಹೋಗೇಬಿಟ್ರೆ ಅಳ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಬೇಗ ಹೇಳಿದಷ್ಟೂ ಆ ಕಡೆ ಅಕೌಂಟಲ್ಲಿ ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ, ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಲ್ಲೂ ದೂರು ಹಾಕಬಹುದು, ಊರಲ್ಲಿ ಸೈಬರ್ ಕೇಸು ನೋಡೋ ಸೆನ್ ಪೊಲೀಸ್ ಸ್ಟೇಷನ್ ಇದೆ.

*

ನಜರ್‌ಬಾದ್

ಫೋನ್ ಮಾರೋರು ಇದ್ರೆ ಒಂದು ಮಾತು. ಬಿಲ್ ಕೇಳೋ, ಬಾಕ್ಸ್ ಕೇಳೋ ಗಿರಾಕಿ ಮೇಲೆ ಕೋಪ ಮಾಡ್ಕೊಬೇಡಿ, ಕಳ್ಳ ಮಾಲು ಅಲ್ಲ ಅಂತ ನೋಡ್ಕೊಳ್ಳೋದು ಅವರ ಹಕ್ಕು. ಕೆವೈಎಂ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಜಾಗ ಬಿಟ್ಟು ಐಎಂಇಐ ನಂಬರ್ (ಫೋನಿನ ಗುರುತಿನ ನಂಬರ್) ಹಾಕಿ 14422ಕ್ಕೆ ಮೆಸೇಜ್ ಮಾಡಿದ್ರೆ ಬ್ಲಾಕ್ ಆಗಿರೋ ಫೋನಾ ಅಂತ ಗೊತ್ತಾಗುತ್ತೆ. ಕೊಡೋ ಮುಂಚೆ ಗೂಗಲ್ ಅಕೌಂಟ್ ತೆಗ್ದು ಆಮೇಲೆ ರೀಸೆಟ್ ಮಾಡಿ, ಸುಮ್ನೆ ರೀಸೆಟ್ ಮಾಡಿ ಕೊಟ್ರೆ ರಾತ್ರಿ ಹನ್ನೊಂದಕ್ಕೆ "ಸರ್ ನಿಮ್ಮ ಪಾಸ್‌ವರ್ಡ್ ಕೇಳ್ತಿದೆ" ಅಂತ ಫೋನ್ ಬರುತ್ತೆ.

*

ಜೆ.ಪಿ. ನಗರ, ಮೈಸೂರು

ನೀವು ಹೆಂಗಸರು, ಹಗಲು ಹೊತ್ತು ಮನೇಲಿ ಒಬ್ರೇ ಇರ್ತೀರೇನೋ, ಅದಕ್ಕೆ ಯಾರೂ ಹೇಳದೇ ಇರೋದನ್ನ ನಾನು ಹೇಳ್ತೀನಿ. ಸೀರೆ ಒಡವೆ ಇಡೋ ಬೀರು ಫೋಟೋ ಹಾಕುವಾಗ ಬಾಗಿಲು ತೆಗ್ದಿರೋ ಫೋಟೋ ಖಾಲಿ ಮಾಡಿ ತೆಗೀರಿ. ಫೋಟೋ ಹಿಂದೆ ಮನೆ ನಂಬರು, ಮಕ್ಕಳ ಫೋಟೋ, ಕಿಟಕಿ ಹೊರಗಿನ ರೋಡು ಕಾಣಬಾರ್ದು. ನಂಬರ್ ಹಾಕಬೇಡಿ, ಚಾಟಲ್ಲೇ ಮಾತಾಡಿ, ಸೆಟ್ಟಿಂಗ್ಸಲ್ಲಿ ನಂಬರ್ ಮುಚ್ಚಿಡೋಕೆ ಆಗುತ್ತೆ. ಲೊಕೇಶನ್ ಕಳಿಸಿ ಅಂದ ತಕ್ಷಣ ಮನೆ ಮ್ಯಾಪ್ ಕಳಿಸಬೇಡಿ, ಹತ್ತಿರದ ಸರ್ಕಲ್ ಹೇಳಿ, ಅಲ್ಲಿಗೆ ಬಂದು ಫೋನ್ ಮಾಡಿದ ಮೇಲೆ ಮನೆ ಹೇಳಿ. ಅಷ್ಟು ದೂರ ಬಂದಿದಾರೆ ಅಂದ್ರೆ ಸುಮ್ನೆ ಕೇಳೋರಲ್ಲ ಅಂತಾನೂ ಗೊತ್ತಾಗುತ್ತೆ.

ಮಿಕ್ಸಿ, ಕುಕ್ಕರ್, ಮಕ್ಕಳ ಸೈಕಲ್ ಥರ ಕೈಲಿ ಹಿಡ್ಕೊಂಡು ಹೋಗೋ ಸಾಮಾನನ್ನ ಮನೆಗೆ ಕರೆದು ಮಾರೋದೇ ಬೇಡ, ಜನ ಓಡಾಡೋ ಕಡೆ, ಪಾರ್ಕ್ ಗೇಟ್ ಹತ್ರನೋ ಬೇಕರಿ ಮುಂದೆನೋ ಕೊಟ್ಬಿಡಿ. ಟೇಬಲ್, ಬೀರು ಅಂಥದ್ದಕ್ಕೆ ಮನೆಗೇ ಬರಬೇಕು, ಆವಾಗ ಭಾನುವಾರ ಬೆಳಗ್ಗೆ ಎಲ್ರೂ ಇರೋ ಹೊತ್ತಿಗೆ ಕರೀರಿ, ಸಾಮಾನನ್ನ ಹಾಲ್‌ಗೋ ವರಾಂಡಕ್ಕೋ ತಂದಿಡಿ, ರೂಮ್ ಒಳಗೆ ಕರ್ಕೊಂಡು ಹೋಗಿ ತೋರಿಸೋದು ಯಾಕೆ. ಪಕ್ಕದ ಮನೆ ಆಂಟಿಗೆ ಹೇಳಿಡಿ, ಅವ್ರು ಸುಮ್ನೆ ಬಂದು ಕಾಂಪೌಂಡಲ್ಲಿ ನಿಂತ್ರೆ ಸಾಕು, ನಮ್ಮ ಪಕ್ಕದೋರು ನಿಂತಿದ್ದಲ್ದೆ "ಇದಕ್ಕೆ ನಾನೇ ಹದಿಮೂರು ಕೊಡ್ತೀನಿ ಅಂದಿದ್ದೆ" ಅಂತ ಒಂದು ಡೈಲಾಗ್ ಬೇರೆ ಹೊಡೆದ್ರು, ಯಾರೂ ಹೇಳಿಕೊಟ್ಟಿರ್ಲಿಲ್ಲ.

ರಾತ್ರಿ ಹತ್ತಾದ ಮೇಲೆ "ಹಾಯ್ ಊಟ ಆಯ್ತಾ" ಅಂತ ಬರೋರಿಗೆ ಉತ್ತರ ಬೇಡ. ನಾನು ಯಜಮಾನ್ರ ಅಕೌಂಟಿಂದ ಅದೇ ಸಾಮಾನು ಮತ್ತೆ ಹಾಕ್ದೆ, ಅಂಥ ಮೆಸೇಜ್ ಒಂದೂ ಬರ್ಲಿಲ್ಲ. ಬೇಜಾರಾಗುತ್ತೆ, ಆದ್ರೆ ಕೆಲ್ಸ ಆಗುತ್ತೆ.

*

ಮಾನಸಗಂಗೋತ್ರಿ ಹತ್ರ, ಪಿಜಿ

ನಾನು ಬರೀ ತಗೊಳ್ಳೋ ಪಾರ್ಟಿ, ಮಂಚ, ಟೇಬಲ್ ಫ್ಯಾನ್, ಸೈಕಲ್ ಎಲ್ಲಾ ಸೆಕೆಂಡ್ ಹ್ಯಾಂಡೇ. ಎಲ್ರೂ ಗಿರಾಕಿಗಳನ್ನೇ ಬೈತಿದೀರಲ್ಲ ಅದಕ್ಕೆ ಬರೀತಿದೀನಿ. "ಇದೆಯಾ" ಅಂತ ಯಾಕೆ ಕೇಳ್ತೀವಿ ಅಂದ್ರೆ ಸಾಮಾನು ಮಾರಿದ ಮೇಲೂ ಆಡ್ ತೆಗೀದೇ ಬಿಟ್ಟಿರ್ತೀರ. ಬಸ್ ಹತ್ಕೊಂಡು ಬೋಗಾದಿಯಿಂದ ಆಲನಹಳ್ಳಿಗೆ ಹೋದ್ರೆ "ಓ ಅದಾ, ನಿನ್ನೆನೇ ಹೋಯ್ತಲ್ಲ" ಅಂತಾರೆ. ಫೋಟೋ ಮೂರು ವರ್ಷ ಹಿಂದಿಂದು, ಸೈಕಲ್ ನೋಡಿದ್ರೆ ಪೆಡಲ್ಲೇ ಇಲ್ಲ. ಕೆಲವರು "ನಾವು ಎಷ್ಟು ಪ್ರೀತಿಯಿಂದ ಇಟ್ಕೊಂಡಿದ್ವಿ ಗೊತ್ತಾ" ಅಂತ ಅರ್ಧ ಗಂಟೆ ಕತೆ ಹೇಳಿ ಹೊಸದರ ರೇಟೇ ಹೇಳ್ತಾರೆ. ನಿಮ್ಮ ನೆನಪಿಗೆ ನಾನ್ಯಾಕೆ ದುಡ್ಡು ಕೊಡ್ಲಿ ಆಂಟಿ?

ಇನ್ನೊಂದು, ಬರ್ತೀನಿ ಅಂದು ಬರದೇ ಇರೋದು ತಪ್ಪೇ, ಆದ್ರೆ ನಮಗೆ "ಬೇಡ" ಅನ್ನೋಕೆ ಮುಜುಗರ. ಇನ್ನೊಂದು ಕಡೆ ಕಮ್ಮಿಗೆ ಸಿಕ್ತು ಅಂತ ಫೋನ್ ಮಾಡಿ ಹೇಳಿದ್ರೆ ನೀವು ಬೈತೀರೇನೋ ಅಂತ ಸ್ವಿಚ್ ಆಫ್ ಮಾಡೋದು. "ಬರೋದಾದ್ರೆ ನಾಲ್ಕಕ್ಕೆ ಒಂದು ಮೆಸೇಜ್ ಹಾಕಿ, ಬೇಡಾಂದ್ರೂ ಪರ್ವಾಗಿಲ್ಲ ಹೇಳಿ" ಅಂತ ನೀವೇ ಮೊದ್ಲು ಹೇಳಿದ್ರೆ ನಾನಂತೂ ಹೇಳ್ಬಿಡ್ತೀನಿ.

*

ಕುವೆಂಪುನಗರ (ಪ್ರಶ್ನೆ ಕೇಳಿದೋರು)

ಎಲ್ರಿಗೂ ತುಂಬಾ ಥ್ಯಾಂಕ್ಸ್. ಆಡಲ್ಲಿ "ಅರ್ಜೆಂಟ್" ಅಂತಾನೇ ಇತ್ತು, ತೆಗ್ದೆ. ಆರ್ಮಿಯವನನ್ನ ಬ್ಲಾಕ್ ಮಾಡ್ದೆ. ಫ್ರಿಜ್ ಹೋಯ್ತು, ರಾಮಕೃಷ್ಣನಗರದ ಒಂದು ಫ್ಯಾಮಿಲಿ, ಒಳ್ಳೆಯೋರೇ, ಆನ್ ಮಾಡಿ ತೋರಿಸಿದ್ದೆ, ಐಸ್ ಕೂಡ ನೋಡಿದ್ರು. ಈಗ ಅವರ ಮನೇಲಿ ಕೂಲ್ ಆಗ್ತಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಫೋನು. ಇದಕ್ಕೇನು ಮಾಡ್ಲಿ? ಕೊಡಲ್ಲ ಅನ್ನೋಕೂ ಮನಸ್ಸಿಲ್ಲ, ಕೊಟ್ಟು ವಾಪಸ್ ತರಿಸ್ಕೊಂಡ್ರೆ ನಾನೆಲ್ಲಿ ಇಟ್ಕೊಳ್ಲಿ.

*

ಮೇಟಗಳ್ಳಿ (ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ)

ಮೇಡಂ ಗಾಬರಿ ಬೇಡ. ಆಟೋಲಿ ಮಲಗಿಸ್ಕೊಂಡು ಹೋಗಿದಾರಾ ಕೇಳಿ. ಮಲಗಿಸಿದ್ರೆ ಕಂಪ್ರೆಸರ್ ಒಳಗಿನ ಆಯಿಲ್ ಪೈಪಿಗೆ ಹೋಗಿರುತ್ತೆ, ತಕ್ಷಣ ಆನ್ ಮಾಡಿದ್ರೆ ಕೂಲಿಂಗ್ ಬರಲ್ಲ, ಕಂಪ್ರೆಸರಿಗೂ ಒಳ್ಳೇದಲ್ಲ. ಈಗ್ಲೇ ಆಫ್ ಮಾಡಿ ಗೋಡೆಯಿಂದ ಸ್ವಲ್ಪ ಈಚೆ ನೆಟ್ಟಗೆ ನಿಲ್ಲಿಸಿ, ರಾತ್ರಿಯೆಲ್ಲಾ ಹಂಗೇ ಬಿಟ್ಟು ಬೆಳಗ್ಗೆ ಖಾಲಿ ಫ್ರಿಜ್ ಆನ್ ಮಾಡಲಿ, ಒಳಗೆ ಏನೂ ಇಡದೆ ಅರ್ಧ ದಿನ ಓಡಲಿ. ಹೆಚ್ಚಿನ ಕೇಸು ಇಷ್ಟಕ್ಕೇ ಸರಿ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಮೆಕ್ಯಾನಿಕ್ ಕರೆಸಿ ನೋಡಿಸಿ, ಸಾಗಿಸುವಾಗ ಪೈಪ್ ಜಜ್ಜಿದ್ರೆ ಅದು ನಿಮ್ಮ ತಲೆಗೆ ಬರಲ್ಲ, ನೀವು ಓಡೋದನ್ನ ತೋರಿಸಿ ಕೊಟ್ಟಿದೀರ. ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಮಾರೋರಿಗೂ ಹೇಳ್ತೀನಿ, ಹಿಂದುಗಡೆ ಹಾಕೋ ಟ್ರಾನ್ಸಿಟ್ ಬೋಲ್ಟ್ ಇದ್ರೆ ಗಿರಾಕಿಗೆ ಕೊಟ್ಟು ಕಳಿಸಿ, ಇಲ್ಲದೆ ಹೇರಿದ್ರೆ ಡ್ರಮ್ ಒದ್ದಾಡುತ್ತೆ, ಆಮೇಲೆ ನಿಮ್ಮ ಮೇಲೇ ಬರ್ತಾರೆ.

*

ವಿಜಯನಗರ 2ನೇ ಹಂತ

ಇವರು ಹೇಳಿದ್ದರ ಮೇಲೆ ಒಂದೇ ಮಾತು. ಮುಂದಿನ ಸಾಮಾನು ಕೊಡುವಾಗ, ಓಡ್ತಿರೋದು ಅವರೇ ನಿಂತು ನೋಡ್ತಿರೋ ಸಣ್ಣ ವಿಡಿಯೋ ತೆಗೀರಿ, ಆಮೇಲೆ ವಾಟ್ಸಾಪಲ್ಲಿ "ನೋಡಿ, ಓಡಿಸಿ, ಒಪ್ಪಿ ತಗೊಂಡಿದೀರ, ಇದಕ್ಕೆ ವಾರಂಟಿ ಇಲ್ಲ" ಅಂತ ನೀವೇ ಬರೆದು ಅವರಿಂದ "ಓಕೆ" ಅನ್ನಿಸ್ಕೊಳಿ. ಅವಮಾನ ಅಂದ್ಕೊಳ್ಳಲ್ಲ, ಈಗ ಎಲ್ರೂ ಮಾಡ್ತಾರೆ.

*

ಕುವೆಂಪುನಗರ (ಪ್ರಶ್ನೆ ಕೇಳಿದೋರು)

ಮಲಗಿಸ್ಕೊಂಡೇ ಹೋಗಿದ್ರಂತೆ! ಹೇಳಿದ ಹಂಗೆ ನಿಲ್ಲಿಸಿದಾರೆ, ಬೆಳಗ್ಗೆ ನೋಡಿ ಹೇಳ್ತೀವಿ ಅಂದ್ರು. ಕೊನೇದಾಗಿ, ಹಳೇ ಯುಪಿಎಸ್ ಬ್ಯಾಟರಿ ಒಂದಿದೆ, ಎರಡು ಹತ್ತಿ ಹಾಸಿಗೆ ಇದೆ. ಇದನ್ನೂ ಹಾಕ್ಲಾ?

*

ಸರಸ್ವತಿಪುರಂ

ಬ್ಯಾಟರಿ ಆಡ್ ಹಾಕ್ಬೇಡಿ, ಆ್ಯಸಿಡ್ ಚೆಲ್ಲಿ ಆಟೋದವನ ಜೊತೆ ಜಗಳ ಆಗುತ್ತೆ. ಬ್ಯಾಟರಿ ಅಂಗಡಿಯೋರೇ ಹಳೇದನ್ನ ಸೀಸದ ತೂಕದ ಲೆಕ್ಕದಲ್ಲಿ ತಗೊಳ್ತಾರೆ, ಎರಡು ಮೂರು ಅಂಗಡೀಲಿ ಫೋನಲ್ಲೇ ರೇಟ್ ಕೇಳಿ ಕೊಡಿ, ಶಿವಮೊಗ್ಗದಲ್ಲಿ ಹೊಸದು ತಗೊಳ್ಳೋದಿದ್ರೆ ಅಲ್ಲಿಗೇ ತಗೊಂಡು ಹೋಗಿ ಎಕ್ಸ್‌ಚೇಂಜ್ ಹಾಕಿದ್ರೂ ಆಯ್ತು. ಹಾಸಿಗೆ ಅಂತೂ ಯಾರೂ ದುಡ್ಡು ಕೊಟ್ಟು ತಗೊಳ್ಳಲ್ಲ, ಒಬ್ರು ಮಲಗಿದ್ದು ಅಂತ. ಹತ್ತಿದು ಅಂತೀರಲ್ಲ, ಬಿಚ್ಚಿಸಿ ಬಿಸಿಲಿಗೆ ಹಾಕಿ ಹತ್ತಿ ಬಡಿಸಿ ಹೊಸ ಬಟ್ಟೆ ಹೊಲಿಸಿ, ಎರಡು ಹಾಸಿಗೆಯಿಂದ ಒಂದು ದಪ್ಪ ಹಾಸಿಗೆ, ನಾಲ್ಕು ದಿಂಬು ಆಗುತ್ತೆ, ಶಿವಮೊಗ್ಗ ಮಳೆಗೆ ಬೇಕಾಗುತ್ತೆ.